ಕಿಟಕಿಗೆ ಮೊದಲ ಕುಂಕುಮ

ಸಿಂಧನೂರಿನ ಬ್ಯಾಚಿನಲ್ಲಿ ಎಲ್ಲರೂ ಪಾಸಾದರು. ನನ್ನ ತಲೆನೋವು ಶುರುವಾದದ್ದೇ ಅಲ್ಲಿಂದ.

ಕೆಲಸ ಇಷ್ಟು. ಸರಕಾರಿ ಶಾಲೆಗಳಲ್ಲಿ ಬಿಸಿಯೂಟ ಮಾಡುವ ಹೆಂಗಸರಿಗೆ ಗ್ಯಾಸ್ ಸುರಕ್ಷತೆಯ ತರಬೇತಿ ಕೊಡಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರು ತಾಲೂಕು, ತಾಲೂಕಿಗೊಂದು ಬ್ಯಾಚು, ಬ್ಯಾಚಿಗೆ ಎರಡು ದಿನ. ನಾನು ತರಬೇತುದಾರಳು. ಜೊತೆಗೆ ಸಿಂಧನೂರಿನ ಒಬ್ಬ ಗ್ಯಾಸ್ ಮೆಕ್ಯಾನಿಕ್, ಎಲ್ಲರೂ ಅವರನ್ನು ಭಾಯ್ ಅನ್ನುತ್ತಾರೆ. ಮೇಲೆ, ರಾಯಚೂರಿನಲ್ಲಿ ಕೂತು ಫೋನ್ ಮಾಡುವ ಸಂಯೋಜಕರು. ಬೆಳಿಗ್ಗೆ ಅಡುಗೆ ಕೋಣೆಯ ಬೀಗ ತೆಗೆದ ಹೆಣ್ಣುಮಗಳು ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ತನ್ನ ಕಾಲ ಮೇಲೆ ತಾನು ನಡೆದು ಮನೆಗೆ ಹೋಗಬೇಕು. ತರಬೇತಿಯ ಉದ್ದೇಶ ಇದೊಂದೇ. ಸುತ್ತೋಲೆಯಲ್ಲಿ ಇದನ್ನೇ ಪುಟಗಟ್ಟಲೆ ಬರೆದಿದ್ದರು.

ಸಿಂಧನೂರಿನಲ್ಲಿ ನಮಗೆ ಸಿಕ್ಕಿದ್ದು ಉದ್ದನೆಯ ಒಂದು ಸಭಾಂಗಣ. ಕುರ್ಚಿಗಳನ್ನು ಸಾಲಾಗಿ ಜೋಡಿಸಿದ್ದರು. ಹೆಂಗಸರು ಹಿಂದಿನ ಸಾಲಿನಿಂದ ತುಂಬುತ್ತ ಬಂದು ಮುಂದಿನ ಸಾಲುಗಳನ್ನು ಖಾಲಿ ಬಿಟ್ಟರು. "ಮುಂದ ಬರ್ರಿ" ಅಂದರೆ ಒಬ್ಬರನ್ನೊಬ್ಬರು ನೂಕುತ್ತ ನಕ್ಕರು, ಬರಲಿಲ್ಲ. ನಾನು ಪರದೆಯ ಮೇಲೆ ಸ್ಲೈಡು ಹಾಕಿದೆ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಕೂಡಿಕೊಳ್ಳುತ್ತದೆ, ಗೊತ್ತಾಗಲಿ ಅಂತಲೇ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಅರ್ಧಕ್ಕೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಸ್ಲೈಡು ನಿಂತಿತು, ನಾನು ಮಾತ್ರ ನಿಲ್ಲಲಿಲ್ಲ. ಊಟದ ಹೊತ್ತಿಗೆ ಹಿಂದಿನ ಸಾಲಿನಿಂದ ಸಣ್ಣಗೆ ಗೊರಕೆ ಕೇಳಿಸುತ್ತಿತ್ತು.

ನಮ್ಮ ಕೈಪಿಡಿಯಲ್ಲಿ ಇಂಥ ಹೊತ್ತಿಗೆಂದೇ ಒಂದು ಆಟ ಕೊಟ್ಟಿದ್ದಾರೆ. ಎದ್ದು ನಿಂತು ಚಪ್ಪಾಳೆ ತಟ್ಟುತ್ತ ಕುಣಿಯಬೇಕು, ನಿದ್ದೆ ಹಾರಿಹೋಗುತ್ತದೆಯಂತೆ. ನಾನು ಕುಣಿದೆ. ಅವರು ಕೂತು ನೋಡಿದರು.

"ಮೇಡಂ, ಮುಂಜಾನಿಂದ ನಿಂತ ನಿಂತ ಮೊಣಕಾಲು ಹಿಡ್ಕಂಡಾವ್ರಿ. ನೀವ ಕುಣೀರಿ, ನಾವು ಚಪ್ಪಾಳಿ ಹೊಡಿತೀವಿ" ಎಂದಳು ಒಬ್ಬಳು. ಹೊಡೆದರೂ ಸಹ.

ಎರಡನೇ ದಿನ ಪರೀಕ್ಷೆ. ಎಲ್ಲರ ಕೈಗೂ ಒಂದು ಹಸಿರು ಕಾರ್ಡು, ಒಂದು ಕೆಂಪು ಕಾರ್ಡು. ಹೌದು ಅಂದರೆ ಹಸಿರು, ಅಲ್ಲ ಅಂದರೆ ಕೆಂಪು. ಗ್ಯಾಸಿನ ವಾಸನೆ ಬಂದರೆ ಬೆಂಕಿ ಹಚ್ಚಬಹುದೇ? ಸಭಾಂಗಣದ ತುಂಬ ಕೆಂಪು ಎದ್ದಿತು. ಸೋರುವುದನ್ನು ಕಂಡುಹಿಡಿಯಲು ಸೋಪಿನ ನೀರು ಹಚ್ಚಬೇಕೇ? ಎಲ್ಲ ಹಸಿರು. ಎಲ್ಲರಿಗಿಂತ ಮೊದಲು ಕಾರ್ಡು ಎತ್ತುತ್ತಿದ್ದವಳು ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಶಾಲೆಯ ಅಡುಗೆಯಾಕೆ. ಕೈಯಲ್ಲಿ ಬಿಳಿ ಶಂಖದ ಬಳೆ, ಮನೆಯಲ್ಲಿ ಬಂಗಾಳಿ, ಹೊರಗೆ ನಮಗಿಂತ ಚುರುಕಾದ ಕನ್ನಡ. ಪ್ರಶ್ನೆ ಮುಗಿಯುವ ಮೊದಲೇ ಅವಳ ಕೈ ಮೇಲಿರುತ್ತಿತ್ತು. ಹೋಗುವಾಗ, "ನಮ್ಮ ಕಿಚನ್ ನೋಡಾಕ ಬರ್ರಿ ಮೇಡಂ, ಕನ್ನಡಿ ಇದ್ದಂಗ ಇಟ್ಟೀನಿ" ಎಂದಿದ್ದಳು. ಗುಂಪಿನ ಫೋಟೋ ರಾಯಚೂರಿಗೆ ಹೋಯಿತು. ಸಂಯೋಜಕರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಲಿಂಗಸುಗೂರು ನನ್ನ ಊರು. ಅಲ್ಲಿ ಸ್ವಲ್ಪ ಬುದ್ಧಿ ಬಂದು ಕುರ್ಚಿ ತೆಗೆಸಿ ಜಮಖಾನೆ ಹಾಸಿದೆ, ಎಲ್ಲರನ್ನೂ ಸುತ್ತ ಕೂರಿಸಿದೆ, ಸ್ಲೈಡು ಅರ್ಧಕ್ಕರ್ಧ ಕಡಿಮೆ ಮಾಡಿದೆ. ಭಾಯ್ ನಿಜವಾದ ಸಿಲಿಂಡರ್ ತಂದು, ಬಾಯಿಯೊಳಗಿನ ಕಪ್ಪು ರಬ್ಬರ್ ವಾಷರನ್ನು ಕಡ್ಡಿಯಿಂದ ಎಬ್ಬಿಸಿ ತೋರಿಸಿದರು. "ಇದು ಸಣ್ಣ ಸಾಮಾನ್ರಿ, ಆದ್ರ ಇದು ಸೀಳಿದ್ರ ಖೇಲ್ ಖತಂ" ಎಂದಾಗ ಹೆಂಗಸರು ಕೈಯಿಂದ ಕೈಗೆ ಕೊಟ್ಟು ನೋಡಿದರು. ಮಾತಾಡಿದರು, ನಕ್ಕರು, ಯಾರೂ ನಿದ್ದೆ ಮಾಡಲಿಲ್ಲ. ಅಲ್ಲೂ ಎಲ್ಲರೂ ಪಾಸು. ನಾನು ಬೀಗುತ್ತ ಮನೆಗೆ ಹೋದೆ.

ಅವ್ವ ಚಹಾ ಸೋಸುತ್ತ ಕೇಳಿದಳು: "ಏನು ಕಲಿಸಿದಿ ಯವ್ವಾ?"

ಹೇಳಿದೆ. ಒಂದು ಪ್ರಶ್ನೆಯೂ ಯಾರಿಗೂ ತಪ್ಪಲಿಲ್ಲ ಅಂತಲೂ ಹೇಳಿದೆ.

"ಹಂಗಂದ್ರ ಅವ್ರಿಗೆ ಮೊದ್ಲ ಎಲ್ಲಾ ಗೊತ್ತಿತ್ತು. ಮತ್ತ ನೀ ಯಾಕ ಹೋಗಿದ್ದಿ?"

ನನಗೆ ಸಿಟ್ಟು ಬೇಗ ಬರುತ್ತದೆ. "ನಿನಗೇನು ತಿಳಿತೈತಿ" ಎಂದು ಲೋಟ ಕುಕ್ಕಿ ಒಳಗೆ ಹೋದೆ. ಆದರೆ ಮಾತು ಮುಳ್ಳಿನ ಹಾಗೆ ನಟ್ಟಿತು. ನಾನು ಕೇಳಿದ್ದೆಲ್ಲ ಉತ್ತರ ಗೊತ್ತಿರುವ ಪ್ರಶ್ನೆಗಳೇ. ಗ್ಯಾಸ್ ಸೋರಿದಾಗ ಬೆಂಕಿ ಹಚ್ಚಬಹುದೇ ಎಂದು ಕೇಳಿದರೆ ಹಚ್ಚಬಹುದು ಅಂತ ಯಾವ ಹುಚ್ಚಿ ಹೇಳುತ್ತಾಳೆ? ಬಾಯಿ ಏನು ಹೇಳುತ್ತದೆ ಅನ್ನುವುದನ್ನು ನಾನು ಕೇಳಿಸಿಕೊಂಡಿದ್ದೆ. ಬೆಳಿಗ್ಗೆ ಬೀಗ ತೆಗೆದಾಗ ಕೈ ಏನು ಮಾಡುತ್ತದೆ ಅನ್ನುವುದನ್ನು ನೋಡಿರಲಿಲ್ಲ.

ಮಸ್ಕಿಗೆ ಹೋಗುವ ಬಸ್ಸಿನಲ್ಲೇ ಭಾಯ್‌ಗೆ ಹೇಳಿದೆ, ಕಾರ್ಡು ಬೇಡ, ಸ್ಲೈಡು ಬೇಡ, ಮಾಡಿಸಿ ನೋಡೋಣ.

ಅಲ್ಲಿ ನಮಗೆ ಕೊಟ್ಟ ಶಾಲೆಯ ಸಭಾಂಗಣದ ಪಕ್ಕ ಒಂದು ಸಣ್ಣ ಸಾಮಾನು ಕೋಣೆಯಿತ್ತು. ಒಂದು ಬಾಗಿಲು, ಒಂದು ಕಿಟಕಿ, ಒಂದು ಬಲ್ಬು. ಬಿಸಿಯೂಟದ ಕೋಣೆ ಇದ್ದ ಹಾಗೇ. ಒಳಗಿದ್ದ ಮುರಿದ ಬೆಂಚುಗಳನ್ನು ಹೊರಗೆ ಹಾಕಿ, ದೊಡ್ಡ ಒಲೆ ಮತ್ತು ಖಾಲಿ ಸಿಲಿಂಡರ್ ಇಟ್ಟೆವು. ಸೋರಿದ ಗ್ಯಾಸಿನ ವಾಸನೆಗೆ ಏನು ಮಾಡುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಅಂಗಡಿಯ ಇಂಗು ನೆನಪಾಯಿತು. ಗಟ್ಟಿ ಇಂಗನ್ನು ಬಿಸಿನೀರಿನಲ್ಲಿ ಕಲಸಿ, ಬಟ್ಟಲನ್ನು ಸಿಲಿಂಡರಿನ ಹಿಂದೆ ನೆಲದ ಮೇಲೆ ಇಟ್ಟು, ಕಿಟಕಿ ಮುಚ್ಚಿ, ಬಾಗಿಲಿಗೆ ಬೀಗ ಹಾಕಿದೆ. ಇಂಗಿನ ಸುದ್ದಿ ಯಾರಿಗೂ ಹೇಳಲಿಲ್ಲ.

ಮೊದಲು ಪರಿಚಯ. ಎಲ್ಲರೂ ತಮ್ಮ ಊರು, ಮನೆ, ಮಕ್ಕಳ ಸುದ್ದಿ ಹೇಳಿಕೊಂಡರು. ನನ್ನದೂ ಕೇಳಿದರು. ಅಪ್ಪ ಶಾಲೆಯ ಮಾಸ್ತರರಾಗಿದ್ದರು, ಮನೆಯಲ್ಲಿ ಸಂಜೆ ಬುದ್ಧನ ಫೋಟೋದ ಮುಂದೆ ಒಂದು ಮೇಣದ ಬತ್ತಿ ಹಚ್ಚುತ್ತೇವೆ, ಅಷ್ಟೇ ನಮ್ಮ ಪೂಜೆ ಎಂದೆ. ಕೆಲವರು ತಲೆಯಾಡಿಸಿದರು, ಕೆಲವರು ಸೆರಗು ಸರಿಮಾಡಿಕೊಂಡರು. ನನಗೆ ಎರಡೂ ರೂಢಿ.

ಆಮೇಲೆ ಬೀಗದ ಕೈ ಮುಂದೆ ಹಿಡಿದು ಹೇಳಿದೆ: "ಇದು ನಿಮ್ಮ ಅಡುಗೆ ಕೋಣೆ. ಮುಂಜಾನೆ ಬಂದೀರಿ. ದಿನಾ ಏನು ಮಾಡ್ತೀರೋ ಅದನ್ನ ಮಾಡಿ ತೋರಸ್ರಿ. ಮಾತು ಬ್ಯಾಡ, ತಪ್ಪು ಸರಿ ನಾ ಹೇಳಂಗಿಲ್ಲ."

ಒಬ್ಬಳೂ ಮುಂದೆ ಬರಲಿಲ್ಲ. ಕೊನೆಗೆ, ಹಣೆಯ ತುಂಬ ವಿಭೂತಿ ಧರಿಸಿದ ಒಬ್ಬ ಹಿರಿಯ ಅಡುಗೆಯಮ್ಮ ಎದ್ದರು. ಮಸ್ಕಿಯ ದೊಡ್ಡ ಶಾಲೆಯೊಂದರ ಮುಖ್ಯ ಅಡುಗೆಯವರು, ಉಳಿದವರೆಲ್ಲ ಅವರನ್ನು "ಅಮ್ಮಾರ" ಎಂದು ಕರೆಯುತ್ತಿದ್ದರು. "ಸರೀರಿ ಎಲ್ಲಾರೂ. ಇಷ್ಟು ವರ್ಷ ಮಾಡಿದ್ದನ್ನ ಮಾಡಿ ತೋರ್ಸಾಕ ಏನು ನಾಚಿಕಿ?" ಎಂದು ಕೀಲಿಕೈ ಇಸಿದುಕೊಂಡರು. ಉಳಿದವರು ಬಾಗಿಲ ಹತ್ತಿರ ಗುಂಪುಗೂಡಿದರು.

ಚಪ್ಪಲಿ ಹೊರಗೆ ಬಿಟ್ಟರು. ಬೀಗ ತೆಗೆದರು. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಳಗೆ ಹೋದವರೇ ಲೈಟಿನ ಸ್ವಿಚ್ ಹಾಕಿದರು. ಮನಸ್ಸಿನಲ್ಲೇ ಒಂದು ತಪ್ಪು ಎಣಿಸಿಕೊಂಡೆ. ಸೋರಿದ ಗ್ಯಾಸಿಗೆ ಸ್ವಿಚ್ಚಿನ ಕಿಡಿ ಸಾಕು. ಕಿಟಕಿಯ ಕಡೆ ನೋಡಲೂ ಇಲ್ಲ. ಸೀದಾ ಒಲೆಯ ಹತ್ತಿರ ಹೋಗಿ, ಒದ್ದೆ ಬಟ್ಟೆಯಿಂದ ಒರೆಸಿ, ಸೊಂಟದ ಸಂಚಿಯಿಂದ ಕುಂಕುಮ ತೆಗೆದು ಒಲೆಗೆ ಹಚ್ಚಿದರು. ಅದೇ ಸಂಚಿಯಿಂದ ಎರಡು ಊದಿನಕಡ್ಡಿ ಬಂದವು, ಕಡ್ಡಿಪೆಟ್ಟಿಗೆ ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕಡ್ಡಿ ಗೀರಿ ಊದಿನಕಡ್ಡಿ ಹಚ್ಚಿ ಒಲೆಗೆ ಬೆಳಗುತ್ತಿದ್ದರು.

"ನಿಲ್ರೀ!" ಎಂದು ಕಿರುಚಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅಮ್ಮ ತಿರುಗಿ ನೋಡಿದರು. "ಯಾಕ್ರೀ? ಏನಾತು?"

"ಒಳಗ ಏನಾರ ವಾಸನೆ ಬರಾಕತ್ತೈತೇನು?"

ಮೂಗು ಅರಳಿಸಿದರು. "ಹೂಂ... ಊದಿನಕಡ್ಡಿ ವಾಸ್ನಿ. ಅದ್ರ ಕೆಳಗ... ಇಂಗೇನು?"

ಹೊರಗಿದ್ದವರು ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. "ಅದು ಇಂಗಲ್ಲಮ್ಮ, ಗ್ಯಾಸ್ ಅಂತ ತಿಳ್ಕೊಳ್ರಿ. ನೀವು ಕಡ್ಡಿ ಗೀರಿಬಿಟ್ರಿ."

"ನಾ ಎಲ್ಲಿ ಒಲಿ ಹಚ್ಚೀನ್ರಿ? ದೇವ್ರಿಗೆ ಊದಿನಕಡ್ಡಿ ಹಚ್ಚೀನಿ."

ನಿಜವಾಗಿ ಆಶ್ಚರ್ಯಪಟ್ಟು ಹೇಳಿದ ಮಾತದು. ನಾನು ಹೊರಗಿದ್ದವರ ಕಡೆ ತಿರುಗಿ, ಯಾರ್ಯಾರು ಬೆಳಿಗ್ಗೆ ಬಂದ ಕೂಡಲೇ ಒಲೆಗೆ ಊದಿನಕಡ್ಡಿ ಹಚ್ಚುತ್ತೀರಿ, ಕೈ ಎತ್ತಿ ಎಂದೆ. ಎಲ್ಲ ಕೈಗಳೂ ಎದ್ದವು. ಕಿಟಕಿ ತೆಗೆಯುವುದು ಅದಕ್ಕಿಂತ ಮೊದಲೋ, ಆಮೇಲೋ? "ಒಲಿ ಹಚ್ಚಿ, ಹೊಗಿ ಆದ ಮ್ಯಾಲ್ರಿ." ಬೆಂಕಿ ಅಂದರೆ ಅವರ ಲೆಕ್ಕದಲ್ಲಿ ಒಲೆಯ ಬೆಂಕಿ. ಊದಿನಕಡ್ಡಿಯದು ಪೂಜೆ. ಒಲೆ ಹಚ್ಚುವ ಮುಂಚೆ ಮೂಸಿ ನೋಡಿ ಎಂದರೆ ಖಂಡಿತ ನೋಡುತ್ತಿದ್ದರು, ಊದಿನಕಡ್ಡಿ ಹಚ್ಚಿಟ್ಟು, ಅದರ ಘಮದಲ್ಲಿ.

ಸಿಂಧನೂರಿನಲ್ಲಿ ಕೆಂಪು ಕಾರ್ಡು ಎತ್ತಿದವರು, ಲಿಂಗಸುಗೂರಿನಲ್ಲಿ ವಾಷರ್ ಹಿಡಿದು ನೋಡಿದವರು, ಎಲ್ಲರದೂ ಇದೇ ಕೈಗಳು. ನಾನು ಪಾಸು ಮಾಡಿ ಕಳಿಸಿದ ಅಷ್ಟೂ ಜನ ನಾಳೆ ಬೆಳಿಗ್ಗೆ, ಮುಚ್ಚಿದ ಕೋಣೆಯಲ್ಲಿ, ಎಲ್ಲಕ್ಕಿಂತ ಮೊದಲು ಕಡ್ಡಿ ಗೀರುತ್ತಾರೆ. ನಮ್ಮ ಮನೆಯಲ್ಲಿ ಒಲೆಗೆ ಪೂಜೆಯಿಲ್ಲ. ಹಾಗಾಗಿ ಈ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಇನ್ನ ಮ್ಯಾಲೆ ಅಡುಗೆ ಕೋಣ್ಯಾಗ ಊದಿನಕಡ್ಡಿ, ಪೂಜೆ ಎಲ್ಲಾ ಬಂದ್."

ನಗು ನಿಂತಿತು. ಅಮ್ಮ ಊದಿನಕಡ್ಡಿಯನ್ನು ಒಲೆಯ ಸಂದಿಗೆ ಸಿಕ್ಕಿಸಿ ಹೊರಗೆ ಬಂದರು.

"ಅನ್ನ ಬೇಯಿಸೋ ಒಲಿಗೆ ಕೈಮುಗಿಬ್ಯಾಡ ಅಂತೀರೇನ್ರಿ? ನಿಮ್ಮ ಮನ್ಯಾಗ ಮಾಡಂಗಿಲ್ಲ, ಅದು ನಿಮ್ಮ ಇಷ್ಟ. ನಮಗ ಹೇಳಬ್ಯಾಡ್ರಿ."

ಹಿಂದಿನಿಂದ ಯಾರೋ ಏನೋ ಪಿಸುಗುಟ್ಟಿದರು. ಏನು ಅಂತ ಕೇಳಿಸಲಿಲ್ಲ, ಆದರೆ ಅದರ ಧಾಟಿ ನನಗೆ ಚೆನ್ನಾಗಿ ಗೊತ್ತು. ಮುಖ ಸುಟ್ಟ ಹಾಗಾಯಿತು. ಊಟಕ್ಕೆ ಬಿಟ್ಟೆ. ಅವರೆಲ್ಲ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರು, ನನ್ನನ್ನು ಯಾರೂ ಕರೆಯಲಿಲ್ಲ. ನಾನು ಸಾಮಾನು ಕೋಣೆಯ ಮೆಟ್ಟಿಲ ಮೇಲೆ ಕೂತೆ. ಅವಮಾನವೂ ಆಗಿತ್ತು, ಸಿಟ್ಟೂ ಬಂದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಕೆಯಿತ್ತು.

ಭಾಯ್ ಪಕ್ಕದಲ್ಲಿ ಕೂತು ರೊಟ್ಟಿ ಮುರಿದರು. "ಮೇಡಂ, ಪೂಜಾದ ಬಾತ್ ಬಿಡ್ರಿ. ನೀವು ಹೇಳಿದ್ರೂ ಕಷ್ಟ, ನಾ ಹೇಳಿದ್ರ ಇನ್ನೂ ಕಷ್ಟ. ಪೈಪು, ವಾಷರು ತೋರಿಸಿ ಮುಗಸೋಣು."

ಮುಗಿಸಬಹುದಿತ್ತು. ಎಲ್ಲರೂ ಪಾಸಾಗುತ್ತಿದ್ದರು, ಫೋಟೋ ರಾಯಚೂರಿಗೆ ಹೋಗುತ್ತಿತ್ತು. ಆದರೆ ಮುಗಿಸಿ ಮನೆಗೆ ಹೋಗಿ ನಾನು ಅನ್ನ ಹೇಗೆ ಉಣ್ಣಲಿ? ಬೇಡ ಎಂದರೆ ನನ್ನೆದುರು ಬಿಟ್ಟು ನಾನು ಹೋದ ಮೇಲೆ ಮಾಡುತ್ತಾರೆ, ನನ್ನನ್ನು ಬೈದು ಇನ್ನೂ ಎರಡು ಕಡ್ಡಿ ಹೆಚ್ಚು ಹಚ್ಚುತ್ತಾರೆ. ಕೂತಲ್ಲೇ ಅಮ್ಮ ಮಾಡಿದ್ದನ್ನು ಮತ್ತೆ ಮೊದಲಿನಿಂದ ನೆನಪು ಮಾಡಿಕೊಂಡೆ. ಹೊಸ್ತಿಲು. ಬಗ್ಗುವುದು. ಒರೆಸುವುದು. ಕುಂಕುಮ. ಬೆಳಗುವುದು. ಇವರಿಗೆ ಒಂದು ಕ್ರಮ ಇತ್ತು, ಅದೂ ಒಂದು ದಿನವೂ ತಪ್ಪದ ಕ್ರಮ. ನಾನು ಎರಡು ತಾಲೂಕಿನಲ್ಲಿ ಗಂಟಲು ಹರಿದುಕೊಂಡು ಹುಟ್ಟಿಸಲಾಗದೇ ಇದ್ದದ್ದು ಇಂಥದೇ ಒಂದು ಕ್ರಮವನ್ನು. ಅದನ್ನು ಮುರಿಯುವುದು ಬೇಡ, ಅದರೊಳಗೇ ಸೇರಿಕೊಳ್ಳೋಣ ಎಂದು ತೀರ್ಮಾನಿಸಿದೆ.

ಊಟದ ನಂತರ ಅಮ್ಮನ ಮುಂದೆ ಹೋಗಿ ಕೂತೆ. "ಅಮ್ಮಾರ, ನಾ ಅಂದಿದ್ದು ತಪ್ಪಾತು. ಒಲಿ ಪೂಜೆ ನನಗ ಬರಂಗಿಲ್ಲ. ಒಂದೊಂದ ಹೇಳಿ ಕಲಸ್ರಿ."

ಅಮ್ಮ ನನ್ನನ್ನು ಒಂದು ಗಳಿಗೆ ಅಳೆದರು. "ನಿಜ ಕೇಳಾಕತ್ತೀರೋ, ಚಾಷ್ಟಿ ಮಾಡಾಕತ್ತೀರೋ?"

"ನಿಜಾನ ಕೇಳಾಕತ್ತೀನ್ರಿ."

ಎದ್ದರು. ಎಲ್ಲರೂ ಮತ್ತೆ ಬಾಗಿಲಿಗೆ ಬಂದರು. ಕುಂಕುಮ ಎಲ್ಲೆಲ್ಲಿಗೆ ಹಚ್ಚುತ್ತೀರಿ ಎಂದು ಕೇಳಿದೆ. ಹೊಸ್ತಿಲಿಗೆ, ಒಲೆಗೆ. ಸಿಲಿಂಡರಿಗೆ? "ಆಯುಧ ಪೂಜಿ ದಿನ ಹಚ್ಚತೀವ್ರಿ, ಹಾರಾನೂ ಹಾಕತೀವಿ."

"ದಿನಾ ಯಾಕ ಬ್ಯಾಡ? ದಿನಾ ಬೆಂಕಿ ಕೊಡೋದು ಅದ ಅಲ್ಲೇನು?"

ಅಮ್ಮ ಯೋಚಿಸಿದರು. "ಹಚ್ಚಬೌದು. ತಪ್ಪೇನಿಲ್ಲ."

"ಸಿಲಿಂಡರಿಗೆ ಎಲ್ಲಿ ಹಚ್ಚೋದು? ರೆಗ್ಯುಲೇಟರಿನ ಈ ಗುಂಡಿಗೆ ಹಚ್ಚಿದ್ರ ಹೆಂಗ?" ಗುಂಡಿಗೆ ಬೆರಳಿಟ್ಟರೆ ಅದು ತೆರೆದಿದೆಯೋ ಮುಚ್ಚಿದೆಯೋ ಕೈಗೇ ಗೊತ್ತಾಗುತ್ತದೆ. ಭಾಯ್ ನನ್ನ ಕಡೆ ನೋಡಿದರು, ಅವರ ಮೀಸೆಯಡಿ ಸಣ್ಣ ನಗು ಬಂತು.

"ಅದಕ್ಕೂ ಮೊದ್ಲ ಕಿಟಕಿಗೆ ಒಂದು" ಎಂದೆ.

"ಕಿಡಕಿಗೆ ಯಾರು ಕುಂಕುಮ ಹಚ್ಚತಾರ್ರಿ!" ಎಂದು ಒಬ್ಬಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಮತ್ತೊಬ್ಬಳು, ಕಿಟಕಿಯಲ್ಲಿ ಯಾವ ದೇವರಿರುತ್ತಾನೆ ಎಂದು ಕೇಳಿದಳು. ಮೂರನೆಯವಳು, ಇವರು ತಮ್ಮ ಮಾತು ನಡೆಸಲಿಕ್ಕೆ ಏನೇನೋ ಮಾಡುತ್ತಾರೆ ಎಂದಳು. ಅದೂ ಸುಳ್ಳಲ್ಲ. ನಾನು ಮುಚ್ಚಿಡಲೂ ಇಲ್ಲ. "ಹೌದವಾ, ನನ್ನ ಮಾತ ನಡಸಾಕ. ಕಿಟಕಿ ತೆರಿಬೇಕು, ಗ್ಯಾಸ್ ಹೊರಗ ಹೋಗಬೇಕು, ಆಮ್ಯಾಲ ನಿಮ್ಮ ಊದಿನಕಡ್ಡಿ. ನೀವು ಸುಟಗೋಬಾರದು, ಅಷ್ಟ ನನ್ನ ಸ್ವಾರ್ಥ."

ಗದ್ದಲ ಎದ್ದಿತು. ಕುಂಕುಮಕ್ಕೆ ಮೊದಲು ಒಲೆಯೇ ಆಗಬೇಕು ಎಂದು ಕೆಲವರು, ಹೊಸ್ತಿಲಾದ ಮೇಲೆ ಯಾವುದಾದರೇನು ಎಂದು ಕೆಲವರು. ಅಮ್ಮ ಕೈ ಎತ್ತಿದರು. ಎಲ್ಲರೂ ಸುಮ್ಮನಾದರು.

"ಕಿಡಕ್ಯಾಗ ಏನು ಬರ್ತೈತಿ?"

"ಗಾಳಿ."

"ಗಾಳಿ ಯಾರು? ನಮ್ಮ ಹನುಮಪ್ಪನ ಅಪ್ಪ ಅಲ್ಲೇನು? ಮಗನಿಗೆ ಶನಿವಾರ ಶನಿವಾರ ಎಲಿ ಪೂಜಿ ಮಾಡಸ್ತೀರಿ. ಅಪ್ಪಗ ಒಂದು ಬಟ್ಟು ಕುಂಕುಮ ಹಚ್ಚಾಕ ನಿಮ್ಮ ಗಂಟೇನು ಹೋಗ್ತೈತಿ?"

ಇಂಥ ಮಾತು ನನ್ನ ಯಾವ ಕೈಪಿಡಿಯಲ್ಲಿ ಸಿಗಬೇಕು! ಗಳಿಗೆಯ ಹಿಂದೆ ನನ್ನನ್ನು ದೂರ ಕೂರಿಸಿದ್ದ ಹೆಂಗಸು ಈಗ ನನ್ನ ಪರವಾಗಿ ಜಗಳಕ್ಕೆ ನಿಂತಿದ್ದರು. ಅವರನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಧೈರ್ಯ ಆಗಲಿಲ್ಲ.

ಆಮೇಲೆ ಕೂತು ಕ್ರಮ ಕಟ್ಟಿದೆವು. ಬಾಗಿಲು ಪೂರಾ ತೆರೆಯುವುದು. ಹೊಸ್ತಿಲಿಗೆ ಬಗ್ಗಿದಾಗ ಮೂಗಿನಿಂದ ಉಸಿರು ಎಳೆದುಕೊಳ್ಳುವುದು. ಗ್ಯಾಸ್ ನೆಲದ ಮೇಲೆ ಹಬ್ಬುತ್ತದೆ ಎಂದು ನಾನು ಸಿಂಧನೂರಿನಲ್ಲಿ ಸ್ಲೈಡು ಹಾಕಿ ಹೇಳಿದ್ದೆ. ಇವರು ದಿನಾ ಮೂಗನ್ನು ನೆಲದ ಹತ್ತಿರ ಒಯ್ಯುತ್ತಲೇ ಇದ್ದರು. ಸ್ವಿಚ್ ಮುಟ್ಟಬಾರದು. ಕಿಟಕಿ ತೆರೆದು ಕಂಬಿಗೆ ಕುಂಕುಮ. ರೆಗ್ಯುಲೇಟರಿಗೆ ಕುಂಕುಮ, ಗುಂಡಿ ಮುಚ್ಚಿದೆಯೇ ನೋಡುವುದು. ಒಲೆ ಒರೆಸಿ, ಅದರ ಗುಂಡಿಗಳನ್ನೂ ಮುಟ್ಟಿ ನೋಡಿ, ಕುಂಕುಮ. ಏನೂ ವಾಸನೆ ಇಲ್ಲ ಅಂದಮೇಲೆ ಲೈಟು, ಊದಿನಕಡ್ಡಿ, ಆಮೇಲೆ ಒಲೆ. ವಾಸನೆ ಇದ್ದರೆ ಎಲ್ಲ ತೆರೆದಿಟ್ಟು, ರೆಗ್ಯುಲೇಟರ್ ಮುಚ್ಚಿ ಹೊರಗೆ ಬಂದು ಹೇಳಿಕಳಿಸುವುದು. ಅವತ್ತು ದೇವರು ಕಾಯುತ್ತಾನೆ.

ಒಬ್ಬೊಬ್ಬರನ್ನೇ ಒಳಗೆ ಕಳಿಸಿ ಮಾಡಿಸಿದೆವು. ಭಾಯ್ ನಡುನಡುವೆ ಗುಟ್ಟಾಗಿ ಇಂಗಿನ ಬಟ್ಟಲು ತೆಗೆದಿಡುವರು, ಮತ್ತೆ ತರುವರು. ತಪ್ಪಿದವರನ್ನು ಬಾಗಿಲ ಹೊರಗೆ ನಿಂತವರೇ ಹಿಡಿಯುತ್ತಿದ್ದರು. "ಅಯ್ಯ, ಸುಟಗೊಂಡಿ ಬಿಡವಾ ನೀನು!" ಎಂದು ನಗೆಯೋ ನಗೆ. ಮೊಣಕಾಲು ನೋವು ಅಂದವರು ಎರಡೆರಡು ಸಲ ಮಾಡಿದರು. ನಾನು ಕುಣಿಯುವ ಪ್ರಸಂಗ ಬರಲಿಲ್ಲ.

ಮಸ್ಕಿ ಮುಗಿಯಿತು. ಉಳಿದೆರಡು ತಾಲೂಕಿನವರಿಗೆ ಹೇಗೆ ಹೇಳುವುದು? ಮೊದಲು ಫೋನಿನ ಗುಂಪುಗಳಿಗೆ ನನ್ನ ದನಿಯಲ್ಲಿ ಸಂದೇಶ ಕಳಿಸಿದೆ. ನೋಡನೋಡುತ್ತ ಹೆಬ್ಬೆರಳುಗಳು ಸಾಲುಗಟ್ಟಿ ಬಂದವು. ಹೆಬ್ಬೆರಳಿನ ಬೆಲೆ ನನಗೆ ಅಷ್ಟೊತ್ತಿಗೆ ತಿಳಿದಿತ್ತು. ಸಂಯೋಜಕರಿಗೆ ಫೋನ್ ಮಾಡಿ, ಸಿಂಧನೂರು, ಲಿಂಗಸುಗೂರಿನವರನ್ನು ಮತ್ತೆ ಕರೆಸಬೇಕು ಎಂದೆ.

"ಆ ಬ್ಯಾಚು ಮುಗದಾವಲ್ರೀ ಮೇಡಂ. ಫೋಟೋ ಬಂದಾವ, ರಿಪೋರ್ಟ್ ಹೋಗೈತಿ."

"ರಿಪೋರ್ಟ್ ಹೋಗೈತ್ರೀ ಸರ್. ಹೆಣ್ಮಕ್ಳು ಇನ್ನೂ ಇಲ್ಲೇ ಅದಾರ."

"ಮಾಡ್ಕೋರಿ. ಹಾಲ್ ಮಾತ್ರ ಕೇಳಬ್ಯಾಡ್ರಿ" ಎಂದರು. ಕೆಟ್ಟವರೇನಲ್ಲ.

ಲಿಂಗಸುಗೂರಿನಲ್ಲಿ ಒಂದು ಶಾಲೆಯ ಅಡುಗೆ ಕೋಣೆಯಲ್ಲೇ, ಮಕ್ಕಳ ಊಟ ಮುಗಿದ ಮೇಲೆ ಮಾಡಿದೆವು. ಇಂಗು ಇಟ್ಟೆವು, ಊದಿನಕಡ್ಡಿ ಹಚ್ಚಿದರು, ಬೆಚ್ಚಿಬಿದ್ದರು, ಕಲಿತರು. ಸಿಂಧನೂರಿನಲ್ಲೂ ಹಾಗೇ ಆಯಿತು. ಬಹುತೇಕ ಎಲ್ಲರೂ ಬಂದರು. ಬರದವಳು ಆರ್.ಎಚ್. ಕ್ಯಾಂಪಿನಾಕೆ. ಫೋನು ಹಚ್ಚಿದರೆ ಸ್ವಿಚ್ ಆಫ್. ಮತ್ತೆ ಹಚ್ಚಿದೆ, ಅದೇ. ಅವಳ ಕಡೆಯವರು ಯಾರೂ ಅಲ್ಲಿರಲಿಲ್ಲ. "ಆಕಿ ಬ್ಯಾಚಿನ್ಯಾಗ ಎಲ್ಲಾರಿಗಿಂತ ಹುಷಾರ್ ಅದಾಳ, ಚಿಂತಿ ಮಾಡಬ್ಯಾಡ್ರಿ" ಎಂದು ಯಾರೋ ಸಮಾಧಾನ ಹೇಳಿದರು. ನನ್ನ ಚಿಂತೆಯೇ ಅದು. ಎಲ್ಲ ಪ್ರಶ್ನೆಗೂ ಸರಿಯಾದ ಕಾರ್ಡು ಎತ್ತಿದವಳು, ತನಗೆ ಎಲ್ಲ ಗೊತ್ತು ಎಂದು ನಂಬಿಕೊಂಡು ಮನೆಗೆ ಹೋಗಿದ್ದಳು. ಹಾಗೆ ನಂಬಿಸಿ ಕಳಿಸಿದ್ದು ನಾನು.

ಮರುದಿನ ಬೆಳಿಗ್ಗೆ ಭಾಯ್ ಬೈಕಿನಲ್ಲಿ ಹೊರಟೆವು. ಕಾಲುವೆಯ ದಂಡೆ, ಎರಡೂ ಕಡೆ ಭತ್ತ, ಟ್ರ್ಯಾಕ್ಟರು ಅಡ್ಡ ಬಂದು ನಿಂತರೆ ಜೀವ ಚಡಪಡಿಸುತ್ತಿತ್ತು. "ಜಲ್ದಿ ಹೋಗ್ರೀ ಭಾಯ್" ಎಂದು ಎಷ್ಟು ಸಲ ಅಂದೆನೋ. "ಬೈಕಿಗೆ ರೆಕ್ಕಿ ಇಲ್ರೀ ಮೇಡಂ" ಎಂದರು ಕೊನೆಗೆ.

ಶಾಲೆಯ ಹಿಂದೆ ಅಡುಗೆ ಕೋಣೆ. ಹೊರಗೆ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು, ಬಿಳಿ ಬಳೆಗಳು ಮೊರದ ಜೊತೆ ಕುಣಿಯುತ್ತಿದ್ದವು. ಒಳಗಿನಿಂದ ಬೇಳೆ ಬೇಯುವ ಪರಿಮಳ ಬರುತ್ತಿತ್ತು. ಹೋದ ಜೀವ ಬಂದಂತಾಯಿತು.

"ಅಯ್ಯೋ ಮೇಡಂ, ಬರ್ರಿ ಬರ್ರಿ! ಫೋನ್ ನೀರಾಗ ಬಿದ್ದು ಹಾಳಾಗೈತ್ರೀ" ಎಂದು ಎದ್ದಳು. ನಾನು ನಮಸ್ಕಾರಕ್ಕೂ ನಿಲ್ಲದೆ ಒಳಗೆ ನುಗ್ಗಿದೆ. ಕಿಟಕಿ ತೆರೆದಿತ್ತು. ಅದರ ನಡುವಿನ ಕಂಬಿಯ ಮೇಲೆ ಕೆಂಪು ಬಟ್ಟು. ರೆಗ್ಯುಲೇಟರಿನ ಮೇಲೆ ಒಂದು. ಒಲೆಯ ಮೇಲೆ ಒಂದು.

ನಾನು ಅವಳಿಗೆ ಇದನ್ನು ಕಲಿಸಿಯೇ ಇರಲಿಲ್ಲ.

"ಇದು ಯಾರು ಹೇಳಿದ್ರು ನಿನಗ?"

"ನಮ್ಮ ಹೆಲ್ಪರ್ ಹೇಳಿದ್ಲು. ಆಕಿ ಅಕ್ಕ ಮಸ್ಕಿ ಕಡೆ ಅಡುಗಿ ಮಾಡ್ತಾಳ. ಅಲ್ಲಿ ಹೊಸಾ ಪೂಜಾ ಬಂದೈತಂತ. ಮೊದ್ಲ ಹೊಸ್ತಿಲಾ, ಆಮ್ಯಾಲ ಕಿಡಕಿ, ಆಮ್ಯಾಲ ಸಿಲಿಂಡರ್. ಅದನ್ನ ಮಾಡ್ದ ಊದಿನಕಡ್ಡಿ ಹಚ್ಚಿದ್ರ ಅನ್ನಪೂರ್ಣಾಗ ಆಗಂಗಿಲ್ಲಂತ, ಯಾರೋ ದೊಡ್ಡ ಅಮ್ಮಾರು ಹೇಳ್ಯಾರಂತ. ನಮ್ಮ ಮನಿ ದೇವ್ರು ಠಾಕುರಗೂ ಅನ್ನಪೂರ್ಣಾ ಬೇಕಲ್ರೀ, ನಾನೂ ಹಿಡಿದೆ." ಆಮೇಲೆ ದನಿ ತಗ್ಗಿಸಿ, "ಯಾಕ್ರೀ ಮೇಡಂ, ಮಾಡಬಾರದೇನು?" ಎಂದಳು.

ಭಾಯ್ ಜೋರಾಗಿ ನಕ್ಕುಬಿಟ್ಟರು. ನನಗೂ ನಗು ಬಂತು, ಒಂದಿಷ್ಟು ಹೊಟ್ಟೆಯುರಿಯೂ ಆಯಿತು. ನನ್ನ ಸ್ಲೈಡು, ನನ್ನ ಕಾರ್ಡು, ನನ್ನ ದನಿಯ ಸಂದೇಶ ಎಲ್ಲ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಗಿತ್ತು. ಅಮ್ಮನ ಪೂಜೆ ಮಾತ್ರ ಬಾಯಿಂದ ಬಾಯಿಗೆ ನನಗಿಂತ ಮೊದಲು ಬಂದು ಇಲ್ಲಿ ಕೂತಿತ್ತು. ಆಗಲಿ, ಹೇಗೋ ಬಂತಲ್ಲ!

"ಮಾಡು, ಮಾಡು, ದಿನಾ ಮಾಡು" ಎಂದೆ.

"ಮಾಡಿದ್ದು ಚಲೋನ ಆತ್ರಿ. ಮೊನ್ನೆ ಹೊಸ್ತಿಲಿಗೆ ಬಗ್ಗಿದ್ನ್ಯಾ, ಗಪ್ಪಂತ ವಾಸ್ನಿ ಬಂತು. ಕಿಡಕಿ ತೆಗದೆ. ಕುಂಕುಮ ಹಚ್ಚಾಕ ರೆಗ್ಯುಲೇಟರ್ ಮುಟ್ಟತೀನಿ, ಚಾಲೂನ ಐತಿ! ಹಿಂದಿನ ದಿನ ಬಂದ್ ಮಾಡೋದು ಮರತೀವ್ರಿ. ಬಂದ್ ಮಾಡಿ ಹೊರಗ ಬಂದು ಕುಂತ್ವಿ. ಗ್ಯಾಸಿನಾವ ಬಂದು ನೋಡಿದ್ರ ಒಳಗ ರಬ್ಬರ್ ಸೀಳಿತ್ತು. ಮೊದ್ಲಿನಂಗ ಆಗಿದ್ರ ನಾ ಸೀದಾ ಹೋಗಿ ಕಡ್ಡಿ ಗೀರತಿದ್ನ್ಯಾ..."

ನಾನು ಹೊಸ್ತಿಲ ಮೇಲೇ ಕೂತೆ. ಕಣ್ಣಲ್ಲಿ ನೀರು ತಾನಾಗಿ ಬಂತು, ಒರೆಸಿಕೊಳ್ಳಲೂ ತೋಚಲಿಲ್ಲ. ಭಾಯ್ ಸಿಲಿಂಡರ್ ನೋಡುವವರ ಹಾಗೆ ಮುಖ ಆಚೆ ತಿರುಗಿಸಿದರು.

"ಅಳಬ್ಯಾಡ್ರಿ ಮೇಡಂ. ಏನೂ ಆಗಿಲ್ಲ" ಎಂದು ಅವಳು ನನ್ನ ಪಕ್ಕ ಕೂತು ಬೆನ್ನ ಮೇಲೆ ಕೈಯಿಟ್ಟಳು. "ಅವತ್ತು ಊಟಾ ತಡಾ ಆತು, ಹೆಡ್ಮಾಸ್ತರು ಬೈದ್ರು. ಆದ್ರ ಎಲ್ಲಾರೂ ಉಂಡ್ರು. ನಾವೂ ಉಂಡ್ವಿ."